ಊರಿಗೆಲ್ಲ ಗೊತ್ತು, ಗೊತ್ತಾಗಬೇಕಾದವರಿಗೆ ಮಾತ್ರ ಗೊತ್ತಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಇದು ಯಾವ ಊರು, ಯಾವ ತಾಲ್ಲೂಕು, ಯಾವ ವರ್ಷ ಅಂತ ಕಾಮೆಂಟ್‌ನಲ್ಲಿ ಕೇಳಬೇಡಿ. ಗೊತ್ತಿರುವವರು ಬಂದು "ಓ, ಇದು ನಮ್ಮ ಪಕ್ಕದ ಊರಿನದಲ್ವಾ" ಅಂತ ಬರೆಯಲೂ ಬೇಡಿ. ಒಂದೆರಡು ವಿವರ ಬೇಕಂತಲೇ ಬದಲಿಸಿದ್ದೇನೆ. ಇದು ನನ್ನ ಒಬ್ಬ ವಿದ್ಯಾರ್ಥಿನಿಯ ಕಥೆ, ಅವಳ ಬಾಲ್ಯವಿವಾಹ ನಿಲ್ಲಿಸಿದ ಕಥೆ. ಬರೆಯಲಾ ಅಂತ ಆ ಹುಡುಗಿಯನ್ನೇ ಕೇಳಿದೆ. ಅವಳು ಪೂರ್ತಿ ಓದಿ, ಒಂದು ಕಡೆ ಹೊಡೆದು ಹಾಕಿಸಿ, ಆಮೇಲೆ ಹ್ಞೂಂ ಅಂದಳು. ಅದಕ್ಕೇ ಹಾಕುತ್ತಿದ್ದೇನೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಏಪ್ರಿಲ್‌ನಲ್ಲಿ, ಒಂಬತ್ತನೇ ಕ್ಲಾಸಿನ ರಿಸಲ್ಟ್ ಹೇಳಿದ ದಿನ, ಒಬ್ಬಳು ಎಲ್ಲರೂ ಹೋಗುವ ತನಕ ಕಾದು ನಿಂತಿದ್ದಳು. ಕೈಯಲ್ಲಿ ನಾನು ಓದಲು ಕೊಟ್ಟಿದ್ದ ಪುಸ್ತಕ. ವಾಪಸ್ ಕೊಡುತ್ತಾ, "ಮಿಸ್, ಜೂನ್‌ಗೆ ನಾನು ಬರಲ್ಲ" ಅಂದಳು. ಬಸವ ಜಯಂತಿಗೆ ಮದುವೆ. ಹುಡುಗ ಸೋದರಮಾವನ ಕಡೆಯವನು. ಅವಳಿಗೆ ಹದಿನೈದು ತುಂಬಿ ಎರಡು ತಿಂಗಳಾಗಿತ್ತು.

ಸಂಜೆ ಮನೆ ಮಾಳಿಗೆ ಹತ್ತಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಹೆಸರು ಕೇಳಿದರು. "ಗುಟ್ಟಾಗಿ ಇಡ್ತೀರಾ?" ಅಂದೆ. "ಇಡ್ತೀವಿ ಮೇಡಂ, ಯಾರಿಗೂ ಹೇಳಲ್ಲ" ಅಂದರು. ನಮ್ಮ ಶಾಲೆ ಗೋಡೆಯ ಪೋಸ್ಟರ್‌ನಲ್ಲೂ ಹಾಗೇ ಬರೆದಿದೆ.

ಮೂರನೇ ದಿನ ಅವಳ ಮನೆಗೆ ಅಧಿಕಾರಿಗಳು ಹೋದರು. ಎರಡು ಜೀಪು, ಪೊಲೀಸರು, ಪಂಚಾಯಿತಿಯವರು, ಅಂಗನವಾಡಿ ಮೇಲ್ವಿಚಾರಕಿ, ಹಿಂದೆ ಅರ್ಧ ಊರು. ಅದೇ ದಿನ ಸಂಜೆ ಅವಳ ಸೋದರಮಾವ ಬೈಕ್‌ನಲ್ಲಿ ನಮ್ಮ ಮನೆ ಗೇಟಿನ ಹತ್ತಿರ ಬಂದು ನಿಂತ. ಇಳಿಯಲಿಲ್ಲ. ಗಾಡಿ ಆಫ್ ಕೂಡ ಮಾಡಲಿಲ್ಲ. "ಮೇಡಮ್ಮೋರೆ, ನಮ್ಮನೆ ಮದುವೆ ಊಟ ನಿಮಗೆ ಜೀರ್ಣ ಆಗ್ತಿರಲಿಲ್ವಾ?" ಅಂದು ಹೋದ.

ಅವನಿಗೆ ಹೇಗೆ ಗೊತ್ತಾಯಿತು ಅಂತ ನನಗೆ ಆಮೇಲೆ ತಿಳಿಯಿತು. ಅಂಗಳದಲ್ಲಿ ಗಲಾಟೆ ಜೋರಾದಾಗ, ಬಂದವರಲ್ಲಿ ಒಬ್ಬರು ತಮ್ಮ ತಲೆ ಮೇಲೆ ಬರದಿರಲಿ ಅಂತ "ನಮಗೇನು ನಿಮ್ಮ ಮೇಲೆ ದ್ವೇಷನಾ? ನಿಮ್ಮ ಸ್ಕೂಲ್ ಲೇಡಿ ಟೀಚರ್ರೇ ಫೋನ್ ಮಾಡಿದ್ದು" ಅಂದುಬಿಟ್ಟಿದ್ದಾರೆ. ಹೆಸರೇನೂ ಹೇಳಲಿಲ್ಲ, ನಿಜ. ನಮ್ಮ ಶಾಲೆಯಲ್ಲಿ ಇದ್ದಿದ್ದೇ ಇಬ್ಬರು ಲೇಡಿ ಟೀಚರ್. ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದರು.

ನನ್ನದು ಬಿಡಿ, ನಾಲ್ಕು ದಿನ ನಿದ್ದೆ ಹಾಳಾಯಿತು ಅಷ್ಟೇ. ಹುಡುಗಿಯದು ಕೇಳಿ.

ಅವತ್ತು ರಾತ್ರಿ ಒಂಬತ್ತಕ್ಕೆ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. "ಬಾಲ್ಯವಿವಾಹ ತಡೆದ ಅಧಿಕಾರಿಗಳ ತಂಡಕ್ಕೆ ಅಭಿನಂದನೆಗಳು" ಅಂತ ಮೇಲೆ ಬರಹ, ಕೆಳಗೆ ನಾಲ್ಕು ಚಪ್ಪಾಳೆ. ಅಧಿಕಾರಿಗಳು ಸಾಲಾಗಿ ನಿಂತಿದ್ದಾರೆ, ನಡುವೆ ಹುಡುಗಿ. ಅವಳ ಮುಖಕ್ಕೆ ಒಂದು ಬೂದು ಚುಕ್ಕೆ ಇಟ್ಟಿದ್ದರು. ಪಕ್ಕದಲ್ಲಿ ಅವಳ ಅಮ್ಮ, ಅಮ್ಮನ ಮುಖಕ್ಕೆ ಏನೂ ಇಲ್ಲ. ಹಿಂದೆ ಅವರ ಮನೆಯ ನೀಲಿ ಬಾಗಿಲು, ಅದರ ಮೇಲೆ ಪೋಲಿಯೊ ಹನಿ ಹಾಕಲು ಬಂದವರು ಸುಣ್ಣದ ಕಡ್ಡಿಯಲ್ಲಿ ಬರೆದ ಗುರುತು. ಇಷ್ಟೇ ಆಗಿದ್ದರೆ ಏನೋ ಅನ್ನಬಹುದಿತ್ತು. ಕೆಳಗೆ ಕಪ್ಪು ಪಟ್ಟಿಯಲ್ಲಿ ಊರಿನ ಹೆಸರು, ಹೋಬಳಿ, ಪಿನ್‌ಕೋಡ್, ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ!

ಸರ್ಕಾರಿ ಕೆಲಸದಲ್ಲಿರುವವರಿಗೆ ಈ ಜಿಪಿಎಸ್ ಫೋಟೊ ಏನು ಅಂತ ಹೇಳಬೇಕಾಗಿಲ್ಲ. ಗಿಡ ನೆಟ್ಟರೂ ಅದೇ, ಚರಂಡಿ ತೆಗೆದರೂ ಅದೇ, ಬಿಸಿಯೂಟ ಬಡಿಸಿದರೂ ಅದೇ. ಸ್ಥಳಕ್ಕೆ ಹೋಗಿದ್ದಕ್ಕೆ ಸಾಕ್ಷಿ ಬೇಕು, ಮೇಲಿನವರು ಗ್ರೂಪಿನಲ್ಲಿ "ಫೋಟೊ ಹಾಕಿ" ಅನ್ನುತ್ತಾರೆ, ಹಾಕುತ್ತಾರೆ. ಆ ಫೋಟೊ ತೆಗೆದವರು ಕೆಟ್ಟವರೇನಲ್ಲ. ಬಿಸಿಲಲ್ಲಿ ಹೋಗಿ, ಬೈಸಿಕೊಂಡು, ಒಂದು ಮಗುವನ್ನು ಉಳಿಸಿ ಬಂದವರು. ಆದರೆ ಚರಂಡಿಗೆ ತೆಗೆದ ಹಾಗೇ ಮಗುವಿಗೂ ತೆಗೆದರು. ತಾಲ್ಲೂಕು ಗ್ರೂಪಿನಿಂದ ಪಂಚಾಯಿತಿ ಗ್ರೂಪಿಗೆ, ಅಲ್ಲಿಂದ ಊರಿನ ಗ್ರೂಪಿಗೆ, ಅಲ್ಲಿಂದ ಮದುವೆ ಗಂಡಿನ ಊರಿನ ಗ್ರೂಪಿಗೆ. ಒಂದು ರಾತ್ರಿ ಸಾಕಾಯಿತು.

ಮದುವೆ ಮಾಡಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟರೂ ಮನೆಯವರು ಅವಳನ್ನು ಬೇರೆ ಊರಿಗೆ ಸಾಗಿಸಲು ನೋಡಿದರು. ಹಾಗಾಗಿ ಅವಳನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿ, ಬಾಲಮಂದಿರಕ್ಕೆ ಕಳಿಸಿದರು. ಅಲ್ಲಿ ಮೂರನೇ ದಿನ ಬೆಳಗ್ಗೆ ಸ್ನಾನದ ಮನೆ ಹತ್ತಿರ ಅವಳು ಬಿದ್ದಳು. ಫಿಟ್ಸ್.

ಅವಳಿಗೆ ಫಿಟ್ಸ್ ಇರುವುದು ನನಗೆ ಗೊತ್ತಿತ್ತು, ಎಂಟನೇ ಕ್ಲಾಸಿನಲ್ಲಿ ಒಮ್ಮೆ ಪ್ರಾರ್ಥನೆಯ ಹೊತ್ತಿನಲ್ಲಿ ಬಿದ್ದಿದ್ದಳು. ಆಶಾ ಕಾರ್ಯಕರ್ತೆಗೆ ಗೊತ್ತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಇತ್ತು. ದಿನಾ ಎರಡು ಹೊತ್ತು ಮಾತ್ರೆ, ತಪ್ಪಿಸುವ ಹಾಗಿಲ್ಲ. ಆ ಮಾತ್ರೆಯ ಡಬ್ಬಿ ಅವರ ಮನೆ ಗೂಡಿನಲ್ಲೇ ಉಳಿಯಿತು. ಬಾಲಮಂದಿರಕ್ಕೆ ಹೋದ ಕಾಗದದಲ್ಲಿ "ಕಾಯಿಲೆ" ಅನ್ನುವ ಕಡೆ "ಇಲ್ಲ" ಅಂತ ಬರೆದಿತ್ತು.

ಯಾಕೆ ಹಾಗೆ ಬರೆದರು ಅಂತ ನಾನು ತುಂಬಾ ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ಅವಳೇ ಹೇಳಿದಳು. ಅವಳನ್ನು ಕೇಳಿದ್ದರಂತೆ. ಕೇಳಿದ್ದು ಎಲ್ಲಿ? ಅಂಗಳದಲ್ಲಿ, ಜಮಖಾನದ ಮೇಲೆ, ಅರ್ಧ ಊರು ಬಗ್ಗಿ ನೋಡುತ್ತಿರುವಾಗ. "ಏನಾದ್ರೂ ಕಾಯಿಲೆ ಇದೆಯೇನಮ್ಮಾ?" ಫಿಟ್ಸ್ ಅಂದರೆ ಮುಂದೆ ಗಂಡು ಸಿಗಲ್ಲ ಅಂತ ಮನೆಯವರು ಏಳು ವರ್ಷ ಮುಚ್ಚಿಟ್ಟಿದ್ದ ವಿಷಯ. ಆ ಮಗು ಹತ್ತಾರು ಜನರ ಮುಂದೆ ಹೇಗೆ ಹೇಳೀತು? "ಇಲ್ಲ ಸಾರ್" ಅಂದಳು, ಬರೆದುಕೊಂಡರು.

ನನಗೆ ಇಡೀ ವಿಷಯ ಅರ್ಥವಾಗಿದ್ದು ಅಲ್ಲೇ. ನಾವು ಗುಟ್ಟು ಬೇರೆ, ಹಂಚಿಕೊಳ್ಳುವುದು ಬೇರೆ ಅಂದುಕೊಂಡಿದ್ದೇವೆ. ಒಂದು ಜಾಸ್ತಿಯಾದರೆ ಇನ್ನೊಂದು ಕಡಿಮೆಯಾಗುತ್ತದೆ ಅಂತ. ಅಲ್ಲ. ಹೇಳಿದ್ದು ಎಲ್ಲಿಗೆ ಹೋಗುತ್ತದೆ ಅಂತ ನಂಬಿಕೆ ಇಲ್ಲದಿದ್ದರೆ ಯಾರೂ ಹೇಳುವುದೇ ಇಲ್ಲ. ಹೇಳದೆ ಇದ್ದದ್ದನ್ನು ಯಾವ ಕಚೇರಿ ಯಾವ ಕಚೇರಿಗೆ ಕಳಿಸುತ್ತದೆ?

ಜೂನ್‌ನಲ್ಲಿ ಶಾಲೆ ಶುರುವಾಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನಾ ಗೈರು. ಮಕ್ಕಳ ದಾಖಲಾತಿ ಇಡುವ ಸರ್ಕಾರದ ಸ್ಯಾಟ್ಸ್ ಆನ್‌ಲೈನ್ ವ್ಯವಸ್ಥೆಯಲ್ಲಿ ಹೆಸರು ನಮ್ಮ ಶಾಲೆಯಲ್ಲೇ. ಬಾಲಮಂದಿರದಿಂದ ಅವಳನ್ನು ಪಕ್ಕದ ಶಾಲೆಗೆ ಕಳಿಸುತ್ತಿದ್ದರು, ಅಲ್ಲಿ ಟಿಸಿ ಇಲ್ಲ ಅಂತ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಿಸಿದ್ದರು. ಯಾರೂ ನಮಗೆ ಒಂದು ಸಾಲು ಬರೆಯಲಿಲ್ಲ. ನಾವು ಅವಳನ್ನು ಶಾಲೆ ಬಿಟ್ಟವರ ಪಟ್ಟಿಗೆ ಸೇರಿಸಲು ಹೊರಟಿದ್ದೆವು. ಜಿಲ್ಲಾ ಕಚೇರಿಗೆ ಫೋನ್ ಮಾಡಿ ಕೇಳಿದರೆ ಉತ್ತರ ಏನು ಗೊತ್ತಾ? "ಅದು ಗೌಪ್ಯ ಮೇಡಂ, ಹೇಳುವ ಹಾಗಿಲ್ಲ." ನಾನು ನಗಲೋ ಅಳಲೋ ತಿಳಿಯದೆ ಫೋನ್ ಇಟ್ಟೆ. ಅವರ ಮನೆಯ ಅಕ್ಷಾಂಶ ರೇಖಾಂಶ ನನ್ನ ಮೊಬೈಲ್‌ನಲ್ಲೇ ಇತ್ತಲ್ಲ!

ಅಲ್ಲಿ ಅವಳು ಪ್ರತಿ ಹೊಸಬರಿಗೂ ಕಥೆ ಮೊದಲಿನಿಂದ ಹೇಳಬೇಕಾಗಿತ್ತು. ಪೊಲೀಸರಿಗೆ, ಸಮಿತಿಗೆ, ಆಪ್ತ ಸಮಾಲೋಚಕಿಗೆ, ಅವರು ಕೆಲಸ ಬಿಟ್ಟ ಮೇಲೆ ಬಂದ ಇನ್ನೊಬ್ಬ ಸಮಾಲೋಚಕಿಗೆ. "ಎಲ್ರೂ ಮೊದಲಿಂದ ಹೇಳು ಅಂತಾರೆ ಮಿಸ್. ಹೇಳಿ ಹೇಳಿ ಅದು ಬೇರೆ ಯಾರದ್ದೋ ಕಥೆ ಅನ್ಸೋಕೆ ಶುರುವಾಯ್ತು" ಅಂದಿದ್ದಳು.

ಕಾನೂನು ಇಲ್ಲ ಅನ್ನಬೇಡಿ. ಕಾನೂನು ಬೇಕಾದಷ್ಟಿದೆ. ವಯಸ್ಸಿಗೆ ಮುಂಚೆ ಮದುವೆಯಾಗುವ ಅಪಾಯದಲ್ಲಿರುವ ಮಗು ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹಿಡಿಯಬಹುದಾದ ಬೇರೆ ಯಾವ ವಿವರವನ್ನೂ ಪತ್ರಿಕೆಯಲ್ಲಾಗಲಿ ಬೇರೆ ಮಾಧ್ಯಮದಲ್ಲಾಗಲಿ ಹಾಕುವಂತಿಲ್ಲ. ಆರು ತಿಂಗಳವರೆಗೆ ಜೈಲು, ಇಲ್ಲಾ 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ: ಮಗುವಿನ ಗುರುತು ಅಂದರೆ ಬರೀ ಹೆಸರಲ್ಲ, ಮನೆಯವರು, ಶಾಲೆ, ನೆಂಟರು, ನೆರೆಹೊರೆ ಎಲ್ಲವೂ ಗುರುತೇ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಪುನ್ ಸಕ್ಸೇನಾ ತೀರ್ಪಿನಲ್ಲಿ ಅತ್ಯಾಚಾರಕ್ಕೆ ಒಳಗಾದವರ ಬಗ್ಗೆ ಇದನ್ನೇ ಒತ್ತಿ ಹೇಳಿತು, ದೂರದಿಂದ ಕೂಡ ಗುರುತು ಸಿಗುವ ಹಾಗೆ ಬರೆಯಬೇಡಿ ಅಂತ. ಅಂದರೆ ಮುಖಕ್ಕೆ ಬೂದು ಚುಕ್ಕೆ ಇಟ್ಟರೆ ಕೆಲಸ ಮುಗಿಯಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಕೇಸು ಹಾಕಿ ಹೇಳಿಸಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಆ ಹಕ್ಕು ದಿಲ್ಲಿಯಿಂದ ಹೋಬಳಿಗೆ ಬರುವ ಬಸ್ಸು ಇನ್ನೂ ಹೊರಟ ಹಾಗಿಲ್ಲ.

ಇನ್ನೊಂದು ಕಡೆಯದೂ ಹೇಳಬೇಕು, ಯಾಕೆಂದರೆ ಇದನ್ನು ಓದಿ ಯಾರೋ ಒಬ್ಬರು "ಹಾಗಾದರೆ ಇನ್ನು ಯಾರಿಗೂ ಏನೂ ಹೇಳಲ್ಲ" ಅಂತ ಫೈಲಿಗೆ ಬೀಗ ಹಾಕಿ ಕೂತುಬಿಡುತ್ತಾರೆ ಅನ್ನುವ ಭಯ ನನಗಿದೆ. ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿ ಅನ್ನುವ ಎಂಟು ವರ್ಷದ ಹುಡುಗಿ 2000ನೇ ಇಸವಿಯ ಫೆಬ್ರುವರಿಯಲ್ಲಿ ತೀರಿಕೊಂಡಳು. ಐವರಿ ಕೋಸ್ಟ್‌ನಿಂದ ಅವಳನ್ನು ಕರೆತಂದ, ಅಜ್ಜಿ ವರಸೆಯ ನೆಂಟಳ ಮನೆಯಲ್ಲೇ ಹಿಂಸೆ. ಅವಳನ್ನು ಆಸ್ಪತ್ರೆಯವರು ನೋಡಿದ್ದರು, ಪೊಲೀಸರು ನೋಡಿದ್ದರು, ಸಮಾಜ ಸೇವಾ ಇಲಾಖೆಯವರು ನೋಡಿದ್ದರು. ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಬಂತು. ಅವಳನ್ನು ಉಳಿಸಬಹುದಾಗಿದ್ದ 12 ಸಂದರ್ಭಗಳನ್ನು ಅವರು ಎಣಿಸಿದ್ದರು. ಒಬ್ಬರ ಹತ್ತಿರ ಇದ್ದ ಚೂರು ಇನ್ನೊಬ್ಬರ ಹತ್ತಿರ ಇದ್ದ ಚೂರಿಗೆ ಸೇರಲೇ ಇಲ್ಲ. ಮಗು ಅಪಾಯದಲ್ಲಿದ್ದರೆ ಡೇಟಾ ಕಾನೂನು ಅಡ್ಡಿ ಅಂತ ನೆಪ ಹೇಳಬೇಡಿ, ಸಂಬಂಧಪಟ್ಟವರಿಗೆ ಹೇಳಿ ಅಂತ ಅಲ್ಲಿನ ಸರ್ಕಾರದ ಸೂಚನೆಯೇ ಇದೆ ಈಗ.

ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆ. ಹದಿನೆಂಟಕ್ಕಿಂತ ಚಿಕ್ಕವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ಆಟದ ಆ್ಯಪ್‌ಗೆ ಸರಿ. ಮದುವೆ ಮಾಡಿಸಲು ಹೊರಟ ಅಪ್ಪನನ್ನೇ ಒಪ್ಪಿಗೆ ಕೇಳುತ್ತೀರಾ? ಮಕ್ಕಳ ಹಿತಕ್ಕಾಗಿ ಕಾನೂನಿನ ಪ್ರಕಾರ ಕೆಲಸ ಮಾಡುವವರಿಗೆ ನಿಯಮದಲ್ಲಿ ವಿನಾಯಿತಿ ಇದೆ. ನನ್ನ ತಕರಾರು ಒಪ್ಪಿಗೆಯ ಬಗ್ಗೆ ಅಲ್ಲವೇ ಅಲ್ಲ. ಯಾರಿಗೆ, ಎಷ್ಟು, ಯಾಕೆ ಅನ್ನುವುದರ ಬಗ್ಗೆ. ಬಾಲಮಂದಿರದ ನರ್ಸಿಗೆ ಮಾತ್ರೆಯ ಹೆಸರು ಬೇಕು, ಮದುವೆ ಕಥೆ ಬೇಡ. ಹೊಸ ಶಾಲೆಗೆ ಟಿಸಿ ಬೇಕು, ಫಿಟ್ಸ್ ಬಂದರೆ ಏನು ಮಾಡಬೇಕು ಅನ್ನುವುದು ಬೇಕು, ಮಾವನ ಹೆಸರು ಬೇಡ. ಊರಿನ ಗ್ರೂಪಿಗೆ ಏನೂ ಬೇಡ. ಫೋನ್ ಮಾಡಿದವರು ಯಾರು ಅನ್ನುವುದು ಮನೆ ಬಾಗಿಲಿಗೆ ಹೋಗುವ ತಂಡಕ್ಕೂ ಬೇಡ, ವಿಳಾಸ ಇದ್ದರೆ ಸಾಕು. ಗೊತ್ತಿಲ್ಲದಿದ್ದರೆ ಬಾಯಿತಪ್ಪಿ ಹೇಳುವ ಪ್ರಶ್ನೆಯೇ ಬರಲ್ಲ. ಇದಕ್ಕೆ ಹೊಸ ಪೋರ್ಟಲ್ ಬೇಡ ಸ್ವಾಮಿ, ದಯವಿಟ್ಟು ಇನ್ನೊಂದು ಪೋರ್ಟಲ್ ಮಾಡಬೇಡಿ. ಆ ದಿನ ಅಂಗಳದ ಬದಲು ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬ ಹೆಂಗಸು ಅವಳ ಪಕ್ಕ ಕೂತು ಕೇಳಿದ್ದರೆ ಆ "ಇಲ್ಲ" ಬರುತ್ತಿರಲಿಲ್ಲ.

ಅಧಿಕಾರಿಗಳ ಮೇಲೆ ಇಷ್ಟೆಲ್ಲ ಬರೆದು ನನ್ನದು ಮುಚ್ಚಿಟ್ಟರೆ ತಪ್ಪಾಗುತ್ತದೆ. 1098ಕ್ಕೆ ಫೋನ್ ಮಾಡಿದ ಮರುದಿನ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ನಾನೇ ಒಬ್ಬ ಸಹೋದ್ಯೋಗಿಗೆ ಹೇಳಿದ್ದೆ. "ಯಾರಿಗೂ ಹೇಳಬೇಡಿ ಸರ್" ಅಂತ ಸೇರಿಸಿಯೇ ಹೇಳಿದ್ದೆ. ಅವರು ಯಾರಿಗೂ ಹೇಳಲಿಲ್ಲ, ಹೆಂಡತಿಗೆ ಬಿಟ್ಟು. ಹಾಗಾಗಿ ಮಾವ ಗೇಟಿಗೆ ಬಂದಿದ್ದಕ್ಕೆ ಪೂರ್ತಿ ತಪ್ಪು ಆ ಅಧಿಕಾರಿಯದೇ ಅಂತ ಪ್ರಮಾಣ ಮಾಡಿ ಹೇಳುವ ಧೈರ್ಯ ನನಗಿಲ್ಲ. ಮನಸ್ಸು ಭಾರವಾಗಿತ್ತು, ಇಳಿಸಿಕೊಂಡೆ. ಆ ಭಾರ ನನ್ನದಾಗಿರಲಿಲ್ಲ, ಅವಳದು.

ಈಗ ಅವಳು ದ್ವಿತೀಯ ಪಿಯುಸಿ. ಹಾಸ್ಟೆಲ್‌ನಲ್ಲಿದ್ದಾಳೆ. ಮಾತ್ರೆ ತಪ್ಪಿಸುವುದಿಲ್ಲ. ಅಮ್ಮ ತಿಂಗಳಿಗೊಮ್ಮೆ ರೊಟ್ಟಿ ಚಟ್ನಿಪುಡಿ ತಂದುಕೊಡುತ್ತಾರೆ, ನನ್ನ ಜೊತೆ ಇನ್ನೂ ಮಾತಾಡಲ್ಲ. ಹೋದ ತಿಂಗಳು ಅವಳ ಕಾಲೇಜಿನಲ್ಲಿ ಬಾಲ್ಯವಿವಾಹದ ಬಗ್ಗೆ ಅರಿವು ಕಾರ್ಯಕ್ರಮ ಇತ್ತಂತೆ. ಬಂದವರು ಸ್ಲೈಡ್ ತೋರಿಸುತ್ತಾ ಹೋದರು, ಏಳನೆಯದೋ ಎಂಟನೆಯದೋ ಸ್ಲೈಡಿನಲ್ಲಿ ಅಧಿಕಾರಿಗಳ ಸಾಲು, ನಡುವೆ ಬೂದು ಚುಕ್ಕೆ. ಪಕ್ಕದಲ್ಲಿ ಕೂತಿದ್ದ ಗೆಳತಿಯರು ಪಾಪ ಅಂದರಂತೆ. ರಾತ್ರಿ ನನಗೆ ಫೋನ್ ಮಾಡಿದಳು.

"ನಮ್ಮನೆ ಬಾಗಿಲು ಮಿಸ್. ಪೋಲಿಯೊ ಗುರುತು ಕೂಡ ಕಾಣ್ತಿತ್ತು. ಅದನ್ನ ತೆಗೆಸೋಕೆ ಯಾರಿಗೆ ಅರ್ಜಿ ಕೊಡಬೇಕು?"

ಮೂರು ವಾರದಿಂದ ವಿಚಾರಿಸುತ್ತಿದ್ದೇನೆ. ಒಂದು ಕಚೇರಿಯವರು ಇನ್ನೊಂದು ಕಚೇರಿ ಕಡೆ ಕೈ ತೋರಿಸುತ್ತಿದ್ದಾರೆ. ನಿನ್ನೆ ಒಬ್ಬರು, "ಯಾವ ಫೋಟೊ ಮೇಡಂ? ಒಂದ್ಸಲ ನನ್ನ ವಾಟ್ಸಾಪ್‌ಗೆ ಕಳಿಸಿ, ನೋಡ್ತೀನಿ" ಅಂದರು.