ತಮ್ಮ ಡಬ್ಬಿ ತಾವೇ ಹೊರುವವರ ನಡುವೆ ಒಂದು ಚಳಿಗಾಲದ ರಜೆ

ಕಳೆದ ಫೆಬ್ರುವರಿಯ ಶಾಲಾ ರಜೆಯಲ್ಲಿ ನಾವು ಮೋಟರ್‌ಹೋಮ್ (ಮಲಗಲು, ಅಡುಗೆಗೆ, ಶೌಚಕ್ಕೆ ಒಳಗೇ ವ್ಯವಸ್ಥೆಯಿರುವ ಗಾಡಿ) ತೆಗೆದುಕೊಂಡು ಆಸ್ಟ್ರಿಯಾದ ಲೆರ್ಮೋಸ್ ಎಂಬ ಊರಿಗೆ ಸ್ಕೀ ಮಾಡಲು ಹೋಗಿದ್ದಾಗ ನನ್ನ ಹೆಂಡತಿ ತೆಗೆದ ಒಂದು ಫೋಟೊ ನಮ್ಮ ಮನೆತನದ ವಾಟ್ಸ್ಯಾಪ್ ಗುಂಪಿಗೆ ಹೋಯಿತು. ಹಿಂದೆ ತ್ಸುಗ್‌ಸ್ಪಿಟ್ಸೆ ಬೆಟ್ಟ. ಮುಂದೆ, ಹಿಮದ ನಡುವೆ ಕೊರೆದ ಕಾಲುದಾರಿಯಲ್ಲಿ ಚಕ್ರವಿರುವ ಡಬ್ಬಿಯೊಂದನ್ನು ಎಳೆದುಕೊಂಡು ಹೋಗುತ್ತಿರುವ ನಾನು. ಉಳಿದವರೆಲ್ಲ ಬೆಟ್ಟವನ್ನು ಹೊಗಳಿದರು. ದಾವಣಗೆರೆಯಿಂದ ದೊಡ್ಡಪ್ಪ ಮಾತ್ರ ಆ ಡಬ್ಬಿ ಏನೆಂದು ಕೇಳಿದರು. ಗಾಡಿಯ ಶೌಚದ ತೊಟ್ಟಿ, ಖಾಲಿ ಮಾಡಲು ಒಯ್ಯುತ್ತಿದ್ದೇನೆ ಎಂದು ತಿಳಿಸಿದೆ. "ಅಲ್ಲಪ್ಪಾ, ಅದಕ್ಕೆಲ್ಲ ಅಲ್ಲಿ ಜನ ಇಲ್ಲೇನು? ಇಷ್ಟು ಓದ್ಸಿದ್ದು ಇದನ್ನ ಹೊರಾಕೇನು?" ಎಂದು ಉತ್ತರ ಬಂತು.

ದೊಡ್ಡಪ್ಪ ನನ್ನನ್ನು ಎತ್ತಿ ಆಡಿಸಿದವರು, ನೋಯಿಸಬೇಕೆಂದು ಬರೆದವರಲ್ಲ. ಆದರೂ ಆ ಮಾತು ಒಳಗೆ ಚುಚ್ಚಿಕೊಂಡು ಉಳಿಯಿತು. ಓದಿನ ಮಾತು ಬಿಡಿ, ಅದು ಹಿರಿಯರ ಅಭಿಮಾನ. ನನ್ನನ್ನು ಕಾಡಿದ್ದು ಅದರ ಮೊದಲ ಅರ್ಧ: "ಅದಕ್ಕೆಲ್ಲ ಜನ ಇಲ್ಲೇನು?" ಈ ಪ್ರಶ್ನೆ ನಮ್ಮಲ್ಲಿ ಎಷ್ಟು ಸಹಜವಾಗಿ ಬಾಯಿಗೆ ಬರುತ್ತದೆ ಎಂಬುದನ್ನು ಕುರಿತೇ ಈ ಬರಹ.

ಮೊದಲಿಗೆ ಈ ರಜೆಯ ಸ್ವರೂಪವನ್ನು ಸ್ವಲ್ಪ ಹೇಳಬೇಕು. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಈ ಸೀಮೆಯವರಿಗೆ ಮನೆಯನ್ನೇ ಗಾಡಿಗೆ ಕಟ್ಟಿಕೊಂಡು ಹೋಗುವ ಚಟ ಹಳೆಯದು. ನಮ್ಮ ದಕ್ಷಿಣಕ್ಕಿರುವ ಇಸ್ನಿ ಎಂಬ ಊರಿನಲ್ಲಿ ಚಾಟಿ ಮತ್ತು ಸ್ಕೀ ಕೋಲುಗಳನ್ನು ತಯಾರಿಸುತ್ತಿದ್ದ ಮನೆತನದ ಅರಿಸ್ಟ್ ಡೆತ್ಲೆಫ್ಸ್ ಎಂಬಾತ 1931ರಲ್ಲಿ, ವ್ಯಾಪಾರಕ್ಕೆ ಊರೂರು ಸುತ್ತುವಾಗ ತನ್ನವರು ಜೊತೆಯಲ್ಲಿರಲಿ ಎಂದು, ಕಾರಿನ ಹಿಂದೆ ಎಳೆಯುವ ಮನೆಯೊಂದನ್ನು ಕಟ್ಟಿದ. ಜರ್ಮನಿಯ ಮೊದಲ ಕ್ಯಾರವಾನ್ ಎಂದು ಹೇಳುವುದು ಅದನ್ನೇ. ಸ್ಕೀ ಕೋಲು ಮಾಡುವವನ ಮನೆಯಿಂದಲೇ ಅದು ಹುಟ್ಟಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಬೇಸಿಗೆಯಲ್ಲಿ ಮೋಟರ್‌ಹೋಮ್ ಓಡಿಸುವುದು ಯಾರಿಗಾದರೂ ಬರುತ್ತದೆ. ಚಳಿಗಾಲದಲ್ಲಿ ಅದು ಬೇರೆಯೇ ವಿದ್ಯೆ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದಾಗ ಚಳಿಗಾಲದ ಟೈರು ಕಡ್ಡಾಯ. ಚಕ್ರಕ್ಕೆ ಕಟ್ಟುವ ಸರಪಳಿಯೂ ಜೊತೆಯಲ್ಲಿದ್ದರೆ ಒಳ್ಳೆಯದು. ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿಯ ಹತ್ತಿರಕ್ಕೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಮೈನಸ್ 42 ಡಿಗ್ರಿಯವರೆಗೂ ಆವಿಯಾಗುವ ಪ್ರೊಪೇನ್ ಸಿಲಿಂಡರನ್ನೇ ತರಬೇಕು, ಇಲ್ಲದಿದ್ದರೆ ನಡುರಾತ್ರಿ ಹೀಟರ್ ಆರಿಹೋಗುತ್ತದೆ. ಕೊರೆಯುವ ಚಳಿಯಲ್ಲಿ 11 ಕಿಲೋದ ಸಿಲಿಂಡರು ಎರಡು ಮೂರು ದಿನಕ್ಕೆ ಬರಿದಾಗುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದರೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದಿಲ್ಲ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡಬೇಕು. ಒಳಗಿನ ಬೆಚ್ಚಗಿನ ಉಸಿರೆಲ್ಲ ರಾತ್ರಿ ಮುಂಗಾಜಿನ ಒಳಮೈಯಲ್ಲಿ ಹರಳುಗಟ್ಟುತ್ತದೆ. ಆದ್ದರಿಂದ ಕುಕ್ಕರ್ ಇಡುವಂತಿಲ್ಲ. ಅದರ ಒಂದೊಂದು ಸೀಟಿಯೂ ಬೆಳಿಗ್ಗೆ ಬಟ್ಟೆ ಹಿಡಿದು ಒರೆಸಬೇಕಾದ ನೀರು. ನಾವು ಖಾರ ಮಂಡಕ್ಕಿ, ಅವಲಕ್ಕಿ, ಮನೆಯಿಂದ ಕಲಸಿ ತಂದ ಪುಳಿಯೋಗರೆ ಗೊಜ್ಜು, ಇವುಗಳ ಮೇಲೆಯೇ ವಾರ ಕಳೆದೆವು.

ಇವೆಲ್ಲ ಒಂದು ಲೆಕ್ಕವಾದರೆ ನೀರೇ ಇನ್ನೊಂದು ಲೆಕ್ಕ. ಗಾಡಿಯಲ್ಲಿ ಸುಮಾರು 100 ಲೀಟರ್ ಕುಡಿಯುವ ನೀರು ಹಿಡಿಯುತ್ತದೆ. ಕೊಳೆನೀರಿಗೆ ಬೇರೆ ತೊಟ್ಟಿ. ಶೌಚಕ್ಕೆ ಇಪ್ಪತ್ತು ಲೀಟರಿನಷ್ಟು ಹಿಡಿಯುವ, ಇಲ್ಲಿಯವರು ಕ್ಯಾಸೆಟ್ ಎಂದು ಕರೆಯುವ ಡಬ್ಬಿ. ಬಾಯ್ಲರಿನ ಬಳಿ ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದರೆ ಕವಾಟ ತಾನಾಗಿ ತೆರೆದು, ಕೊಳವೆ ಒಡೆಯದಿರಲೆಂದು, ಬಿಸಿನೀರನ್ನೆಲ್ಲ ನೆಲಕ್ಕೆ ಸುರಿದುಬಿಡುತ್ತದೆ. ಎಷ್ಟು ನೀರು ಬಂತು, ಎಷ್ಟು ಹೋಯಿತು, ಹೋದದ್ದು ಎಲ್ಲಿಗೆ ಹೋಯಿತು ಎಂಬುದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಲೇಬೇಕಾದ ರಜೆ ಇದು. ನಮ್ಮ ಚಿಕ್ಕ ಮಗಳು ಕೂಡ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುವುದನ್ನು ಬೈಸಿಕೊಳ್ಳದೆಯೇ ಕಲಿತಳು.

ಟಿರೋಲ್ ಪ್ರಾಂತ್ಯದಲ್ಲಿ ಕ್ಯಾಂಪಿಂಗ್ ಅಂಗಳದ ಹೊರಗೆ ಎಲ್ಲೆಂದರಲ್ಲಿ ಬೀಡುಬಿಡುವಂತಿಲ್ಲ. ಹಾಗಾಗಿ ಎಲ್ಲರೂ ಇಂತಹ ಅಂಗಳಗಳಿಗೇ ಬರುತ್ತಾರೆ. ಅಲ್ಲಿ ಸ್ಕೀ ಬೂಟು ಒಣಗಿಸಲು ಒಂದು ಬೆಚ್ಚನೆಯ ಕೋಣೆ, ಲಿಫ್ಟಿನ ಬುಡಕ್ಕೆ ಕರೆದೊಯ್ಯುವ ಸ್ಕೀ ಬಸ್ಸು, ಮತ್ತು ಒಂದು ಮೂಲೆಯಲ್ಲಿ ಡಬ್ಬಿಗಳನ್ನು ಖಾಲಿ ಮಾಡುವ ಜಾಗ. ಬೆಳಗಿನ ಎಂಟರ ಸುಮಾರಿಗೆ, ಲಿಫ್ಟುಗಳು ತೆರೆಯುವ ಮೊದಲು, ಆ ಮೂಲೆಯಲ್ಲಿ ಸಣ್ಣ ಸಾಲು ನಿಲ್ಲುತ್ತದೆ. ನಮ್ಮ ಪಕ್ಕದ ಗಾಡಿಯ ಹಿರಿಯರು, ಬದುಕಿಡೀ ಶಸ್ತ್ರಚಿಕಿತ್ಸಕರಾಗಿದ್ದು ನಿವೃತ್ತರಾದವರು, ಅವರ ಮುಂದೆ ಒಬ್ಬ ಬಡಗಿ, ಹಿಂದೆ ಒಬ್ಬ ಶಾಲಾ ಶಿಕ್ಷಕಿ, ಅವರ ಹಿಂದೆ ನಾನು; ಎಲ್ಲರ ಕೈಯಲ್ಲೂ ಅದೇ ಡಬ್ಬಿ. ಹಿರಿಯರು ಮುಚ್ಚಳ ಬಿಚ್ಚಿ, ಕೊಳವೆಯ ಬಾಯಿಯನ್ನು ಗುಂಡಿಯತ್ತ ತಿರುಗಿಸಿ, ಸಿಡಿಯದಿರಲೆಂದು ಗಾಳಿಯ ಗುಬುಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಧಾನವಾಗಿ ಬಗ್ಗಿಸುತ್ತಾರೆ, ನೀರು ಬಿಟ್ಟು ಮತ್ತೆ ಮತ್ತೆ ಕುಲುಕಿ ತೊಳೆಯುತ್ತಾರೆ, ಕೊನೆಗೆ ತಮ್ಮ ನಂತರ ಬರುವವನಿಗಾಗಿ ಗುಂಡಿಯ ಅಂಚನ್ನೂ ಪೈಪಿನಿಂದ ತೊಳೆದು, ಕೈ ತೊಳೆದುಕೊಂಡು, "ನಿನ್ನೆ ರಾತ್ರಿ ಹೊಸ ಹಿಮ ಚೆನ್ನಾಗಿ ಬಿದ್ದಿದೆ, ಗ್ರೂಬಿಗ್‌ಸ್ಟೈನ್ ಕಡೆ ಹೋಗುತ್ತೀರಾ?" ಎಂದು ನನ್ನನ್ನು ಕೇಳುತ್ತಾರೆ. ಅವರ ಮುಖದಲ್ಲಿ ಅಸಹ್ಯವಿರಲಿಲ್ಲ, ತ್ಯಾಗ ಮಾಡುತ್ತಿರುವ ಗತ್ತೂ ಇರಲಿಲ್ಲ. ಮುಖ ತೊಳೆದಷ್ಟೇ ಸಹಜವಾಗಿ ಆ ಕೆಲಸ ಮುಗಿಯಿತು, ಮಾತು ಹಿಮದ ಕಡೆಗೆ ಹೊರಳಿತು.

ನಾನು ಅಲ್ಲಿ ನಿಂತು ಯೋಚಿಸಿದ್ದು ನಮ್ಮ ಕುಟುಂಬ ಪ್ರವಾಸಗಳನ್ನು. ಚಿಕ್ಕಮಗಳೂರಿಗೋ ಕೊಡಗಿಗೋ ಟಿಟಿ ಮಾಡಿಕೊಂಡು ಹೋಗುತ್ತೇವೆ. ಅಂತ್ಯಾಕ್ಷರಿ, ಚಕ್ಕುಲಿ ಕೋಡುಬಳೆ, ದಾರಿಯುದ್ದಕ್ಕೂ ನಗು. ರಾತ್ರಿ ನಾವೆಲ್ಲ ಹೋಮ್‌ಸ್ಟೇಯ ಕೋಣೆ ಸೇರಿದ ಮೇಲೆ ಡ್ರೈವರ್ ಎಲ್ಲಿ ಮಲಗುತ್ತಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮುಳ್ಳಯ್ಯನಗಿರಿಯ ತಪ್ಪಲಿನ ಡಿಸೆಂಬರ್ ಚಳಿಯಲ್ಲಿ ಅವರು ಹಿಂದಿನ ಸೀಟಿನ ಮೇಲೆ ಮುದುಡಿ ಮಲಗಿರುತ್ತಾರೆ. ಬೆಳಿಗ್ಗೆ ಹೊರಡುವಾಗ ಸೀಟಿನಡಿಯ ಚಿಪ್ಸ್ ಪೊಟ್ಟಣಗಳೆಲ್ಲ ಮಾಯವಾಗಿ ಗಾಡಿ ಶುಚಿಯಾಗಿರುತ್ತದೆ. ಗುಡಿಸಿದ್ದು ಯಾರು ಎಂದೂ ಯಾರೂ ಕೇಳುವುದಿಲ್ಲ. "ಜನ" ಇದ್ದಾರಲ್ಲ. ಹಿಮದ ಮೋಜಿಗೆಂದು ಗುಲ್ಮಾರ್ಗಕ್ಕೆ ಹೋದ ನಮ್ಮ ಬಂಧುಗಳು ಕಳಿಸಿದ ವಿಡಿಯೊದಲ್ಲಿ, ಮರದ ಜಾರುಬಂಡಿಯ ಮೇಲೆ ಅವರು ಕುಳಿತಿದ್ದರು; ರಬ್ಬರ್ ಬೂಟು ಹಾಕಿದ ವಯಸ್ಸಾದ ಒಬ್ಬ ಕಾಶ್ಮೀರಿ ಹಗ್ಗ ಹಿಡಿದು ದಿಬ್ಬದ ಮೇಲಕ್ಕೆ ಅವರನ್ನು ಎಳೆಯುತ್ತಿದ್ದ. ಲೆರ್ಮೋಸ್‌ನಲ್ಲಿ ಶಿಶುವಿಹಾರದ ಮಕ್ಕಳು ತಮ್ಮ ಎತ್ತರಕ್ಕಿಂತ ಸ್ವಲ್ಪವೇ ಗಿಡ್ಡದಾದ ಸ್ಕೀಗಳನ್ನು ತಾವೇ ಅಪ್ಪಿ ಹಿಡಿದು, ಬೀಳಿಸುತ್ತ ಎತ್ತಿಕೊಳ್ಳುತ್ತ, ಬಸ್ಸಿನವರೆಗೆ ಹೊರುತ್ತಾರೆ. ತಾಯಂದಿರು ಕಾಯುತ್ತಾರೆಯೇ ಹೊರತು ಕಸಿದುಕೊಂಡು ಹೊರುವುದಿಲ್ಲ.

ಇದನ್ನು ಬರೀ ಸೋಮಾರಿತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ನಮ್ಮವರು ಸೋಮಾರಿಗಳಲ್ಲ. ನನ್ನ ತಾಯಿ ನಸುಕಿನಲ್ಲಿ ಎದ್ದು ಇಡೀ ದಿನ ದುಡಿಯುವುದನ್ನು ನೋಡಿ ಬೆಳೆದವನು ನಾನು. ಆದರೆ ಕೆಲವು ಕೆಲಸಗಳನ್ನು ನಾವು ಹುಟ್ಟಿನೊಂದಿಗೇ ಇನ್ನೊಬ್ಬರಿಗೆ ಬರೆದುಕೊಟ್ಟಿದ್ದೇವೆ. ದಾವಣಗೆರೆಗೆ ಬಹಳ ದೂರವೇನೂ ಅಲ್ಲದ ಸವಣೂರಿನಲ್ಲಿ 2010ರಲ್ಲಿ, ತಲೆತಲಾಂತರದಿಂದ ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟ ಭಂಗಿ ಸಮುದಾಯದವರು ಪುರಸಭೆಯ ಎದುರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದರು. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿಯೇ, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ರಾಜ್ಯ ನಮ್ಮದು; ಈ ಅನಿಷ್ಟದ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. 2013ರಲ್ಲಿ ಮಲ ಹೊರಿಸುವುದನ್ನು ನಿಷೇಧಿಸುವ ಕೇಂದ್ರದ ಹೊಸ ಕಾಯಿದೆಯೂ ಬಂತು. ಇಷ್ಟೆಲ್ಲ ಆದ ಮೇಲೂ, ತನ್ನ ಮಕ್ಕಳ ಡಬ್ಬಿಯನ್ನು ತಾನೇ ತೊಳೆಯುವ ಒಬ್ಬ ಅಪ್ಪನನ್ನು ನೋಡಿ ನಮ್ಮ ಮನೆಯ ಹಿರಿಯರಿಗೆ ಮರ್ಯಾದೆ ಹೋದಂತಾಗುತ್ತದೆ. ಬೇರೆಯವನೊಬ್ಬ ಅದನ್ನು ಹೊತ್ತಿದ್ದರೆ ಹಾಗಾಗುತ್ತಿರಲಿಲ್ಲ. ಇದನ್ನು ನಾನು ಸಮಾಧಾನದಿಂದ ಬರೆಯಲಾರೆ.

ಸ್ಟುಟ್‌ಗಾರ್ಟ್‌ಗೆ ಬಂದ ಹೊಸತರಲ್ಲಿ ನಮ್ಮ ಮನೆಯ ಬಾಗಿಲ ಹಿಡಿಕೆಗೆ ಒಂದು ಸಣ್ಣ ಫಲಕ ತೂಗುಹಾಕಿದ್ದರು. ಆ ವಾರ ಮೆಟ್ಟಿಲು, ಹೊಸ್ತಿಲಾಚೆಯ ಕಾಲುದಾರಿ ಎಲ್ಲವನ್ನೂ ಗುಡಿಸುವ ಸರದಿ ನಮ್ಮದು ಎಂಬುದರ ಗುರುತು ಅದು. ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬ್ ಸೀಮೆಯ ಈ ಗುಡಿಸುವ ವಾರಕ್ಕೆ ಬ್ಯಾಂಕ್ ಮ್ಯಾನೇಜರನೂ ಹೊರತಲ್ಲ, ಬಾಡಿಗೆಯ ವಿದ್ಯಾರ್ಥಿಯೂ ಹೊರತಲ್ಲ; ಹಿಮ ಬಿದ್ದ ದಿನ ಸಲಿಕೆ ಹಿಡಿಯುವವರೂ ಮನೆಯವರೇ. ಮೋಟರ್‌ಹೋಮ್‌ನ ಚಾವಣಿಯ ಹಿಮ ಸರಿಸುವುದು, ಹೀಟರಿನ ಹೊಗೆ ಕೊಳವೆ ಮುಚ್ಚಿಹೋಗದಂತೆ ಗಮನಿಸುವುದು, ಸಿಲಿಂಡರ್ ಬದಲಿಸುವುದು, ಡಬ್ಬಿ ತೊಳೆಯುವುದು, ಎಲ್ಲವೂ ಆ ಫಲಕದ ಮುಂದುವರಿಕೆ ಎಂದು ನನಗೆ ತೋರುತ್ತದೆ. ಇಂತಹ ರಜೆ ವಿಶ್ರಾಂತಿಯೇ ಅಲ್ಲ ಎಂದು ನಮ್ಮವರು ಹೇಳುತ್ತಾರೆ. ಇಡೀ ದಿನ ಇಳಿಜಾರಿನಲ್ಲಿ ಸ್ಕೀ ಮಾಡಿ ಬಂದು, ಸಂಜೆ ಎಲ್ಲರೂ ಒಂದೊಂದು ಕೆಲಸ ಹಂಚಿಕೊಂಡು ಮುಗಿಸಿ, ಚಹಾ ಕಾಯಿಸಿಕೊಂಡು ಕುಳಿತಾಗ ಸಿಗುವ ನೆಮ್ಮದಿ, ಇನ್ನೊಬ್ಬರು ಹಾಸಿಕೊಟ್ಟ ಹಾಸಿಗೆಯಲ್ಲಿ ನನಗೆ ಸಿಕ್ಕಿಲ್ಲ.

ಇಲ್ಲಿಯೂ ಎಲ್ಲವೂ ಹೀಗೆಯೇ ಇದೆ ಎಂದು ಬರೆದರೆ ಮಾತ್ರ ಅದು ಸುಳ್ಳಾಗುತ್ತದೆ. ಅದೇ ಕಣಿವೆಯ ಹೋಟೆಲುಗಳಲ್ಲಿ ಕೋಣೆ ಗುಡಿಸುವವರಲ್ಲಿ ಪೂರ್ವ ಯುರೋಪಿನಿಂದ ಒಂದು ಋತುವಿನ ಮಟ್ಟಿಗೆ ಬಂದವರು ಎಷ್ಟೋ ಮಂದಿ. ಜರ್ಮನಿಯ ಹೆದ್ದಾರಿಯ ಶೌಚಾಲಯಗಳ ಬಾಗಿಲಲ್ಲಿ ಚಿಲ್ಲರೆಯ ತಟ್ಟೆ ಇಟ್ಟುಕೊಂಡು ಕುಳಿತವರಲ್ಲಿ ವಲಸಿಗರ ಮುಖಗಳೇ ಹೆಚ್ಚಾಗಿ ಕಂಡಿವೆ. ಇಲ್ಲಿಯ ಡಬ್ಬಿಯ ಹಿಂದೆ ಒಳಚರಂಡಿಯಿದೆ, ಶುದ್ಧೀಕರಣ ಘಟಕವಿದೆ, ದಿನಕ್ಕಿಷ್ಟೆಂದು ಕೊಡುವ ಯೂರೋ ಇದೆ. ಗುಂಡಿಗೆ ಸುರಿದ ಮೇಲೆ ಅದನ್ನು ಮನುಷ್ಯ ಮುಟ್ಟಬೇಕಿಲ್ಲ. ಗುಲ್ಮಾರ್ಗದ ಆ ಮುದುಕನಿಗೆ ಚಳಿಗಾಲದಲ್ಲಿ ಬೇರೆ ದುಡಿಮೆ ಇಲ್ಲದಿರಬಹುದು. ಯಾರೂ ಜಾರುಬಂಡಿ ಹತ್ತದಿದ್ದರೆ ಅವನ ಮನೆಯ ಒಲೆ ಉರಿಯದಿರಬಹುದು.

ಇನ್ನೊಂದನ್ನು ಒಪ್ಪಿಕೊಳ್ಳಲು ನನಗೆ ಹೆಚ್ಚು ಕಷ್ಟ. ತನ್ನದೆಲ್ಲವನ್ನೂ ತಾನೇ ಮಾಡಿಕೊಳ್ಳುವವರ ನಡುವೆ ಕೈ ಚಾಚಿ ಸಹಾಯ ಕೇಳುವುದು ಸುಲಭವಲ್ಲ. ಈ ಪ್ರವಾಸದ ಶನಿವಾರ, ಜರ್ಮನಿ-ಆಸ್ಟ್ರಿಯಾ ನಡುವಿನ ಫ್ಯೂಸೆನ್‌ನ ಗಡಿ ಸುರಂಗದ ಮುಂದೆ ವಾಹನಗಳನ್ನು ತಡೆದು ತಡೆದು ಬಿಡುತ್ತಿದ್ದಾಗ ನಮ್ಮ ಮುಂದಿನ ಗಾಡಿಯ ವೃದ್ಧ ದಂಪತಿ ಸರಪಳಿ ಕಟ್ಟಲಾರದೆ ಹೆಣಗುತ್ತಿದ್ದರು. ಸಾಲಿನಲ್ಲಿದ್ದವರು ಗಾಜಿನೊಳಗಿಂದ ನೋಡುತ್ತ ಕುಳಿತರು. ಕರೆಯದೆ ಸಹಾಯಕ್ಕೆ ಹೋಗುವುದು ಇಲ್ಲಿ ಮರ್ಯಾದೆಯಲ್ಲ. ನಾನು ಇಳಿದು ಹೋದಾಗ ಆ ಹೆಂಗಸು ಧನ್ಯವಾದಕ್ಕಿಂತ ಮೊದಲು ಕ್ಷಮೆ ಕೇಳಿದರು. ಚಾರ್ಮಾಡಿ ಘಾಟಿಯಲ್ಲಿ ನಮ್ಮ ಕಾರಿನ ಟೈರು ಸಿಡಿದಾಗ ಹಿಂದಿನ ಲಾರಿಯ ಕ್ಲೀನರ್ ಹುಡುಗ ನಾವು ಬಾಯಿ ತೆರೆಯುವ ಮೊದಲೇ ಜಾಕ್ ಹಿಡಿದು ನೆಲಕ್ಕೆ ಕುಳಿತಿದ್ದ, ಹಣ ಕೊಡಲು ಹೋದರೆ "ಇರ್ಲಿ ಬಿಡಿ ಸಾರ್" ಎಂದಿದ್ದ. ಅಂತಹ ಹುಡುಗ ಫ್ಯೂಸೆನ್‌ನ ಆ ಸಾಲಿನಲ್ಲಿರಲಿಲ್ಲ. ಆದರೆ ಅಂದು ನಾವು ಅವನ ಹೆಸರನ್ನೂ ಕೇಳದೆ ಹೊರಟೆವು ಎಂಬುದೂ ನಿಜವೇ.

ಈಗ ನಮ್ಮ ಕಡೆಯಲ್ಲೂ ಕ್ಯಾರವಾನ್ ಪ್ರವಾಸದ ಮಾತು ಕೇಳಿಬರುತ್ತಿದೆ. ಕೇರಳ 2021ರಲ್ಲಿಯೇ ಅದಕ್ಕಾಗಿ ಯೋಜನೆ ತಂದಿತು. ನನ್ನ ಭಾವಮೈದ ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದ ಕ್ಯಾರವಾನ್ ಜೊತೆಗೆ ಡ್ರೈವರ್ ಮತ್ತು ಒಬ್ಬ ಹುಡುಗನೂ ಬಂದಿದ್ದರು. ಇಬ್ಬರಿಗೂ ಮಲಗಲು ಮುಂದಿನ ಸೀಟುಗಳೇ ಗತಿ. ಹಿಂದೆ ಹಾಸಿಗೆ ಇದ್ದದ್ದು ಭಾವಮೈದನ ಸಂಸಾರಕ್ಕೆ. ಶೌಚದ ತೊಟ್ಟಿ ಎಲ್ಲಿ ಖಾಲಿಯಾಯಿತು ಎಂದು ಕೇಳಿದೆ. "ಆ ಹುಡುಗ ನೋಡಿಕೊಂಡ ಭಾವ, ನಮಗೆ ಗೊತ್ತಾಗ್ಲೇ ಇಲ್ಲ" ಎಂದ. ಚಿಕ್ಕಮಗಳೂರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಕ್ಯಾರವಾನ್ ಅಂಗಳ ಕಟ್ಟುವವರು ವಿದ್ಯುತ್ ಕಂಬ, ಹೂಗಿಡಗಳಿಗಿಂತ ಮೊದಲು ಒಳಚರಂಡಿಗೆ ಸೇರುವ ಒಂದು ಗುಂಡಿ, ಒಂದು ನಲ್ಲಿ, ಕೈ ತೊಳೆಯಲು ಸೋಪು ಇಡಲಿ; ಡಬ್ಬಿಯನ್ನು ಅಲ್ಲಿಗೆ ತರಬೇಕಾದವರು ಗಾಡಿಯನ್ನು ಬಾಡಿಗೆಗೆ ಹಿಡಿದವರೇ ಎಂದು ಬಾಡಿಗೆಯ ಕರಾರಿನಲ್ಲಿ ಬರೆಯಲಿ; ಡ್ರೈವರಿಗೆ ಹಾಸಿಗೆಯಿರುವ ಒಂದು ಕೋಣೆ ಕಟ್ಟಿಸಲಿ. ಮುಂದಿನ ಬಾರಿ ಬಾಡಿಗೆ ಮಾತಾಡುವಾಗ ಈ ಮೂರನ್ನೂ ಕೇಳಿ ನೋಡು ಎಂದು ಭಾವಮೈದನಿಗೆ ಹೇಳಿದ್ದೇನೆ.