ಸ್ಖೊಕ್‌ಲಾಂಡಿನ ಜನರನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ

ಡಚ್ಚರು ಕಡಲನ್ನು ಗೆದ್ದರು ಎಂದು ನಾವೆಲ್ಲ ಹೊಗಳುತ್ತೇವೆ. ಆ ಗೆಲುವಿನ ಕಥೆಯಲ್ಲಿ ಸ್ಖೊಕ್‌ಲಾಂಡಿನವರಿಗೆ ಸಿಗುವುದು ಒಂದೇ ಸಾಲು: "ಜನರನ್ನು ಸ್ಥಳಾಂತರಿಸಲಾಯಿತು." ನನಗೆ ಇದು ಅನ್ಯಾಯ ಎನಿಸುತ್ತದೆ.

ಸ್ಖೊಕ್‌ಲಾಂಡ್ ಎಂದರೆ ನೆದರ್‌ಲೆಂಡ್ಸ್‌ನ ಝೌಡರ್‌ಝೇ ಎಂಬ ಒಳಗಡಲಿನಲ್ಲಿದ್ದ ನೀಳವಾದ, ತೆಳುವಾದ ದ್ವೀಪ. ಮೊದಲು ಅದು ವಿಶಾಲ ಜವುಗು ನೆಲದ ಒಂದು ಭಾಗವಾಗಿತ್ತು. ಗಿಡಗಂಟಿ ಕೊಳೆತು ಆದ ಪೀಟ್ ಮಣ್ಣಿನಿಂದ ನೀರು ಬಸಿದು ಬೇಸಾಯಕ್ಕಿಳಿದಂತೆ ನೆಲ ಕುಸಿಯಿತು. ಅಲೆಗಳು ಅಂಚನ್ನು ಕೊರೆಯುತ್ತಾ ಹೋದವು. ಕೊನೆಗೆ ಮಣ್ಣು ಪೇರಿಸಿದ ದಿಬ್ಬಗಳ ಮೇಲಷ್ಟೇ ಮನೆಗಳು ಉಳಿದವು. ಉತ್ತರದ ಎಮ್ಮೆಲೋರ್ಡ್ ಕ್ಯಾಥೊಲಿಕರದು, ದಕ್ಷಿಣದ ಎನ್ಸ್ ಪ್ರಾಟೆಸ್ಟಂಟರದು. ಇಬ್ಬರಿಗೂ ಮೀನುಗಾರಿಕೆಯೇ ಆಧಾರ, ಇಬ್ಬರಿಗೂ ಬಡತನ.

1825ರ ಫೆಬ್ರುವರಿಯ ಪ್ರವಾಹ ದ್ವೀಪವನ್ನು ನಡುಗಿಸಿತು. ಆ ಬಳಿಕ, 1834ರಲ್ಲಿ, ಸರ್ಕಾರದ ಜಲ ಇಲಾಖೆಯ ಮೇಲ್ವಿಚಾರಣೆಯಲ್ಲೇ ಎನ್ಸ್‌ನ ದಿಬ್ಬದ ಮೇಲೆ ಹೊಸ ಚರ್ಚ್ ಎದ್ದಿತು. ಇಲ್ಲೇ ಬಾಳಿ ಎನ್ನುವಂತೆ ಚರ್ಚ್ ಕಟ್ಟಿಸಿದ ಅದೇ ಆಡಳಿತ ಇಪ್ಪತ್ತೈದು ವರ್ಷಗಳಲ್ಲಿ ಹೊರಡಿ ಎಂದಿತು. 1859ರಲ್ಲಿ ಸುಮಾರು 650 ಮಂದಿ ಕಾಂಪೆನ್, ಫೊಲೆಂಡಾಮ್ ಮುಂತಾದ ಊರುಗಳಿಗೆ ಚದುರಿದರು. ಹೆಚ್ಚಿನ ಮನೆಗಳನ್ನು ಕೆಡವಲಾಯಿತು. ಅಪಾಯ ನಿಜವಾಗಿತ್ತು, ಒಪ್ಪುತ್ತೇನೆ. ಆದರೆ ತಡೆಗೋಡೆಗಳ ದುರಸ್ತಿಯ ಖರ್ಚೂ ಆ ನಿರ್ಧಾರದಲ್ಲಿತ್ತು. ಬಡವರ ಊರಿಗೆ ಇಷ್ಟು ಹಣವೇಕೆ ಎಂಬ ಲೆಕ್ಕವನ್ನು ಕರುಣೆ ಎಂದು ಕರೆಯಲು ನನ್ನಿಂದಾಗದು.

ಮುಂದೆ ಎಂಜಿನಿಯರ್ ಕಾರ್ನೆಲಿಸ್ ಲೆಲಿಯ ಯೋಜನೆಯಂತೆ 1932ರಲ್ಲಿ ಅಫ್‌ಸ್ಲೌಟ್‌ಡೈಕ್ ಎಂಬ ಉದ್ದನೆಯ ಒಡ್ಡು ಝೌಡರ್‌ಝೇ ಕಡಲಿನ ಬಾಯಿ ಮುಚ್ಚಿತು. 1942ರಲ್ಲಿ ಸುತ್ತಲಿನ ನೀರನ್ನು ಹೊರಹಾಕಿ ನೋರ್ಡೋಸ್ಟ್‌ಪೋಲ್ಡರ್ ಎಂಬ ಹೊಸ ಒಣನೆಲ ಸಿದ್ಧವಾಯಿತು. ಜನರನ್ನು ಸಾಗಿಸಿ 83 ವರ್ಷಗಳಾದ ಮೇಲೆ ಕಡಲನ್ನೇ ಸಾಗಿಸಲಾಯಿತು! ಹೊಸ ನೆಲದಲ್ಲಿ ಎಮ್ಮೆಲೋರ್ಡ್, ಎನ್ಸ್ ಎಂಬ ಊರುಗಳು ಮತ್ತೆ ಹುಟ್ಟಿದವು, ಆದರೆ ಬೇರೆ ಜಾಗಗಳಲ್ಲಿ. ಅಲ್ಲಿ ಜಮೀನು ಹಿಡಿಯಲು ಬಂದ ರೈತರನ್ನು ಸರ್ಕಾರ ಕಟ್ಟುನಿಟ್ಟಾಗಿ ಪರೀಕ್ಷಿಸಿ ಆರಿಸಿತು.

1995ರಲ್ಲಿ ಸ್ಖೊಕ್‌ಲಾಂಡ್ ನೆದರ್‌ಲೆಂಡ್ಸ್‌ನ ಮೊದಲ ಯುನೆಸ್ಕೋ ವಿಶ್ವ ಪರಂಪರೆಯ ತಾಣವಾಯಿತು. ಈಗ ಹೊಲಗಳ ನಡುವೆ ನಿಂತ ಆ ದಿಬ್ಬದ ಪೀಟ್ ಮಣ್ಣು ಒಣಗಿದರೆ ಗಾಳಿ ತಾಗಿ ಸವೆದು ಕುಸಿಯುತ್ತದೆ. ಅದಕ್ಕೆಂದೇ ಅಂಚಿನ ಒಂದು ಪಟ್ಟಿಯಲ್ಲಿ ಅಂತರ್ಜಲವನ್ನು ಬೇಕೆಂದೇ ಮೇಲೆ ಹಿಡಿದಿಟ್ಟಿದ್ದಾರೆ. ಇಷ್ಟು ಜತನದಿಂದ ಮಣ್ಣನ್ನು ಕಾಯುವವರು, ಅದನ್ನು ಬಿಟ್ಟುಹೋದ ಬೆಸ್ತರ ಮಾತನ್ನೂ ಅಷ್ಟೇ ಜತನದಿಂದ ಹೇಳಲಿ. ಆಮ್‌ಸ್ಟರ್‌ಡಾಮಿಗೆ ಹೋಗುವ ನಮ್ಮವರು ಗಾಳಿಯಂತ್ರಗಳ ಫೋಟೋ ಮುಗಿದ ಮೇಲೆ ಒಂದು ದಿನ ಇಲ್ಲಿಗೆ ಮೀಸಲಿಡಲಿ. 1834ರ ಆ ಚರ್ಚ್ ಇನ್ನೂ ಇದೆ, ಪಕ್ಕದಲ್ಲೇ ವಸ್ತುಸಂಗ್ರಹಾಲಯವಿದೆ.