ಗಾಳಿಗೆ ಮುಹೂರ್ತ ಇಟ್ಟವರು

ಮಾಪ್ಸಾದ ನನ್ನ ಅಂಗಡಿಯ ಅಟ್ಟದ ಮೇಲೆ ಒಂದು ಮೂಟೆ ಬಾವುಟ ಬಿದ್ದಿದೆ. ನೀಲಿ ಬಟ್ಟೆ, ಬಿಳಿ ಅಲೆ, ಅಲೆಯ ಮೇಲೊಂದು ಹಾಯಿ. ಹೊಲಿದದ್ದು ಇನ್ನೂರು, ಹಾರಿದ್ದು ಅರ್ಧ ದಿನ. ಈ ಪೋಸ್ಟು ಆ ಬಾವುಟಗಳದ್ದೇ. ಆದರೆ ಅಲ್ಲಿಗೆ ಮುಟ್ಟೋಕೆ ಆಸ್ಟ್ರೇಲಿಯಾ ಸುತ್ತಿಕೊಂಡು ಬರಬೇಕು. ಪುರುಸೊತ್ತು ಇದ್ದವರು ಓದಿ.

ನಾನು ಗುಳೇದಗುಡ್ಡದವನು. ಅಪ್ಪ ಖಣ ನೇಯುತ್ತಿದ್ದರು. ಮನೆಯ ಮಗ್ಗ ನಿಂತ ಮೇಲೆ ನಾನು ಗೋವಾಕ್ಕೆ ಬಂದು ಟೇಲರ್ ಆದೆ. ಪ್ಯಾಂಟು, ಶರ್ಟಿನಿಂದ ಶುರುವಾದ ಕೆಲಸ ಈಗ ತಾಡಪಾಲು, ದಂಡೆಯ ಶ್ಯಾಕ್ ಹೋಟೆಲಿನ ಚಪ್ಪರ, ದೊಡ್ಡ ಕೊಡೆ, ದೋಣಿಯ ಹೊದಿಕೆ ಅಂತ ದಪ್ಪ ಹೊಲಿಗೆಗೆ ಬಂದು ನಿಂತಿದೆ. ಮೇ ತಿಂಗಳಲ್ಲಿ ತಾಡಪಾಲಿನವರ ಕಾಟ. ಜನವರಿ ಫೆಬ್ರವರಿಯಲ್ಲಿ ಗಾಳಿಪಟದವರದು, ಅಂದರೆ ದೊಡ್ಡ ಗಾಳಿಪಟ ಹಿಡಿದು ಅದು ಎಳೆದಂತೆ ಹಲಗೆಯ ಮೇಲೆ ನಿಂತು ಸಮುದ್ರದಲ್ಲಿ ಓಡುವವರದು. ಆ ಗಾಳಿಪಟಕ್ಕೂ ಆಟಕ್ಕೂ ಕೈಟ್ ಅಂತಲೇ ಹೆಸರು.

ಮೊದಲ ಸಲ ಒಬ್ಬ ಮೊರ್ಜಿಮ್ ದಂಡೆಯಿಂದ ಸ್ಕೂಟರ್ ಮೇಲೆ ಹರಿದ ಕೈಟ್ ತಂದು ಬಿಚ್ಚಿದಾಗ ಅದು ಟೇಬಲ್ಲು ದಾಟಿ, ಹೊಸ್ತಿಲು ದಾಟಿ, ರಸ್ತೆಗೆ ಹೋಯಿತು. ಹನ್ನೆರಡು ಚದರ ಮೀಟರ್ ಬಟ್ಟೆ! ಡಬ್ಬಿ ಹಿಡಿದು ಬಂದ ಹೆಂಡತಿ ನೋಡಿ, "ಏನ್ರೀ, ಗಿರಾಕಿ ಬಟ್ಟಿ ಬಿಟ್ಟು ಗಾಳಿಪಟ ಹೊಲ್ಯಾಕ ಕುಂತೀರಲ್ಲ" ಅಂದಳು. ನನಗೆ ಬಟ್ಟೆಯ ಮೇಲೇ ಕಣ್ಣು. ತೆಳ್ಳಗಿನ ಪಾಲಿಯೆಸ್ಟರ್, ಒಳಗೆ ಚಿಕ್ಕ ಚಿಕ್ಕ ಚೌಕ. ಕೆಲವು ಎಳೆ ಬಿಟ್ಟು ಒಂದು ದಪ್ಪ ಎಳೆ, ಹಾಸಿನಲ್ಲೂ ಹೊಕ್ಕಿನಲ್ಲೂ. ಒಂದು ಕಡೆ ಹರಿದರೆ ಆ ದಪ್ಪ ಎಳೆಗೆ ಬಂದು ಹರಿತ ನಿಲ್ಲಬೇಕು, ಅದಕ್ಕೆ ಈ ಉಪಾಯ. ನೇಕಾರನ ಮಗನಿಗೆ ಹೊಟ್ಟೆಕಿಚ್ಚಾಗುವಂಥ ನೇಯ್ಗೆ. ಅಪ್ಪ ಇದ್ದಿದ್ದರೆ ಬೆರಳಲ್ಲಿ ಉಜ್ಜಿ ನೋಡಿ, "ಯಾವ ಊರಿನ ಮಾಲು?" ಅಂತಿದ್ದರು. ಇಸ್ತ್ರಿ ಪೆಟ್ಟಿಗೆ ಹತ್ತಿರವೂ ಒಯ್ಯಬಾರದು ಅನ್ನೋದನ್ನು ಮಾತ್ರ ಒಂದು ಕೈಟ್ ಕೆಡಿಸಿಕೊಂಡು ಕಲಿತೆ. ದುಡ್ಡು ನಾನೇ ಕಟ್ಟಿಕೊಟ್ಟೆ.

ಹೀಗೆ ಬಂದವರಲ್ಲಿ ಆಸ್ಟ್ರೇಲಿಯಾದ ಪರ್ತ್ ಕಡೆಯ ಒಬ್ಬ ಮುದುಕ. ಬಡಗಿ. ಹಳೇ ವಿಂಡ್‌ಸರ್ಫರ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಸಮುದ್ರದಲ್ಲಿ ಓಡುವವನು, ವಯಸ್ಸಾದ ಮೇಲೆ ಕೈಟ್ ಹಿಡಿದವನು. ಹೊಲಿಗೆ ಮುಗಿಯುವವರೆಗೆ ಸ್ಟೂಲಿನ ಮೇಲೆ ಕೂತು ಅವನು ಹೇಳುತ್ತಿದ್ದುದು ಒಂದೇ ಊರಿನ ಸುದ್ದಿ, ಲ್ಯಾನ್ಸೆಲಿನ್. ಪರ್ತ್‌ನಿಂದ ಉತ್ತರಕ್ಕೆ ಸುಮಾರು 125 ಕಿಲೋಮೀಟರ್. ಲಾಬ್‌ಸ್ಟರ್ ಹಿಡಿಯುವವರ ಊರು, ಬೆನ್ನಿಗೆ ಬಿಳಿ ಮರಳಿನ ದಿಬ್ಬ, ಎದುರಿಗೆ ಒಂದು ಪುಟ್ಟ ದ್ವೀಪ, ಬಂಡೆಸಾಲು. ಜನ ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯಷ್ಟೂ ಇಲ್ಲ. ಅಲ್ಲಿ 1986ರಿಂದ ಜನವರಿ ಬಂತೆಂದರೆ ಲ್ಯಾನ್ಸೆಲಿನ್ ಓಷನ್ ಕ್ಲಾಸಿಕ್. ದಕ್ಷಿಣಕ್ಕಿರುವ ಲೆಡ್ಜ್ ಪಾಯಿಂಟ್‌ನಿಂದ ಲ್ಯಾನ್ಸೆಲಿನ್‌ವರೆಗೆ ಸಮುದ್ರದ ಮೇಲೆ ದೀರ್ಘ ಓಟ, ಜೊತೆಗೆ ಅಲೆಯ ಮೇಲಿನ ಆಟ. ಆಮೇಲಾಮೇಲೆ ಕೈಟ್‌ನವರೂ ಸೇರಿಕೊಂಡರು.

1986ನ್ನು ಸ್ವಲ್ಪ ಹಿಂದೆ ಮುಂದೆ ನೋಡಬೇಕು. ಹಲಗೆಯ ಮೇಲೆ ಹಾಯಿ ನಿಲ್ಲಿಸಿದ ಆಟಕ್ಕೆ ಆಗ ಹರೆಯ. ಅದನ್ನು ಮೊದಲು ಮಾಡಿದ್ದು ಯಾರು ಅನ್ನೋದಕ್ಕೆ ಕೋರ್ಟು ಕಚೇರಿಯೇ ಆಗಿದೆ. ಕ್ಯಾಲಿಫೋರ್ನಿಯಾದ ಹೊಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1970ರಲ್ಲಿ ಪಡೆದರು. ಅಷ್ಟರಲ್ಲಾಗಲೇ ನ್ಯೂಮನ್ ಡಾರ್ಬಿ ಅನ್ನುವ ಇನ್ನೊಬ್ಬ ಅಮೆರಿಕನ್ ತನ್ನ ಹಾಯಿಹಲಗೆಯ ವಿವರವನ್ನು 1965ರಲ್ಲಿ ಪತ್ರಿಕೆಯಲ್ಲೇ ಪ್ರಕಟಿಸಿ ಆಗಿತ್ತು. ಇಂಗ್ಲೆಂಡಿನಲ್ಲಿ ವ್ಯಾಜ್ಯ ಬಿದ್ದಾಗ, ಪೀಟರ್ ಚಿಲ್ವರ್ಸ್ ಅನ್ನುವವನು 1958ರಲ್ಲೇ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಹೇಲಿಂಗ್ ದ್ವೀಪದಲ್ಲಿ ಇಂಥದ್ದೊಂದನ್ನು ಮಾಡಿಕೊಂಡು ಆಡಿದ್ದ ಅನ್ನೋದು ಹೊರಬಂದು ಅಲ್ಲಿಯ ಪೇಟೆಂಟು ಬಿದ್ದುಹೋಯಿತು. ಚುಕ್ಕಾಣಿ ಇಲ್ಲ. ಹಾಯಿಯ ಕಂಬ ಬುಡದಲ್ಲಿ ಎಲ್ಲ ಕಡೆಗೂ ಬಾಗುತ್ತದೆ. ಕಂಬವನ್ನು ಮುಂದಕ್ಕೆ ಬಾಗಿಸಿದರೆ ಹಲಗೆ ಒಂದು ಕಡೆ ತಿರುಗುತ್ತದೆ, ಹಿಂದಕ್ಕೆ ಬಾಗಿಸಿದರೆ ಇನ್ನೊಂದು ಕಡೆ. ಅಷ್ಟೇ ಯಂತ್ರ. ಅದರಲ್ಲಿ ರಾಬಿ ನೇಶ್ 1976ರಲ್ಲಿ ಹದಿಮೂರನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಆಟ ಹೋಯಿತು.

ಇನ್ನೊಂದು ಕಡೆ, 1983ರಲ್ಲಿ ಆಸ್ಟ್ರೇಲಿಯಾದ ಹಾಯಿದೋಣಿ ಅಮೆರಿಕಾಸ್ ಕಪ್ ಗೆದ್ದು, ಮುಂದಿನ ಸರಣಿ 1986-87ರಲ್ಲಿ ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ ನಡೆಯಿತು. ಕಪ್ ಅಮೆರಿಕಕ್ಕೇ ವಾಪಸು ಹೋಯಿತು, ಆ ಮಾತು ಬಿಡಿ. ಆದರೆ ಅಲ್ಲಿಯ ಗಾಳಿಯ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಫ್ರೀಮ್ಯಾಂಟಲ್ ಡಾಕ್ಟರ್ ಅಂತಾರೆ. ಬೆಳಿಗ್ಗೆಯೆಲ್ಲ ನೆಲ ಕಾದು ಕೆಂಡವಾಗಿ, ಆ ಬಿಸಿಗಾಳಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ತಂಪು ಗಾಳಿ ಒಳನುಗ್ಗುತ್ತದೆ. ಬೆವರಿದವರಿಗೆ ಜೀವ ಬರುತ್ತದೆ, ಅದಕ್ಕೆ ಡಾಕ್ಟರ್.

ಮುದುಕ ಇದನ್ನು ಹೇಳುತ್ತಿದ್ದಾಗ ನನಗೆ ನಗು ಬಂತು. ಆ ಡಾಕ್ಟರು ನಮ್ಮ ಅಂಗಡಿಗೂ ಬರುತ್ತಾನಲ್ಲ! ಡಿಸೆಂಬರ್ ಕಳೆದ ಮೇಲೆ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಬಿಲ್ ಪುಸ್ತಕದ ಹಾಳೆ ತಾನಾಗಿ ಮಗುಚುತ್ತದೆ. ಪಕ್ಕದಲ್ಲಿ ಮೀನು ಮಾರುವ ಹೆಂಗಸು, "ವಾರೆಂ ಆಯ್ಲೆಂ", ಗಾಳಿ ಬಂತು, ಅಂತ ಕೊಂಕಣಿಯಲ್ಲಿ ಹೇಳಿ ಸೆರಗು ಸಿಕ್ಕಿಸಿಕೊಳ್ಳುತ್ತಾಳೆ. ಪಡುವಣದಿಂದ ಶುರುವಾಗಿ ಹೊತ್ತು ಇಳಿದಂತೆ ವಾಯವ್ಯಕ್ಕೆ ತಿರುಗಿ, ಸಂಜೆ ಸತ್ತುಹೋಗುತ್ತದೆ. ಆಸ್ಟ್ರೇಲಿಯಾದಷ್ಟು ಜೋರಿಲ್ಲ, ನಿಜ. ಅದಕ್ಕೇ ಇಲ್ಲಿಯವರು ದೊಡ್ಡ ಕೈಟ್ ಹಿಡೀತಾರೆ. ಶಾಪೋರಾ ನದಿ ಸಮುದ್ರ ಸೇರುವ ಜಾಗದಲ್ಲಿ, ಮೊರ್ಜಿಮ್ ದಂಡೆಯಲ್ಲಿ, ನೀವು ಬೆಳಿಗ್ಗೆ ಹತ್ತಕ್ಕೆ ಹೋದರೆ ಒಂದೂ ಕೈಟ್ ಕಾಣಲ್ಲ.

ಈ ಹತ್ತು ಗಂಟೆ ಅನ್ನೋದನ್ನು ನೆನಪಿಡಿ.

ಕೆಲವು ವರ್ಷದ ಹಿಂದೆ ಒಂದಷ್ಟು ಜನ ಬಂದು ಜಲಕ್ರೀಡೆಯ ದೊಡ್ಡ ಸ್ಪರ್ಧೆ ಮಾಡ್ತೀವಿ, ಇನ್ನು ಪ್ರತಿ ವರ್ಷ ಇರ್ತದೆ, ಇನ್ನೂರು ಬಾವುಟ ಬೇಕು ಅಂದರು. ಯಾರು, ಯಾವ ದಂಡೆ ಅಂತ ಹೇಳಲ್ಲ. ನಾಲ್ಕು ರಾತ್ರಿ ಕೂತು ಹೊಲಿದೆ. ಕಾರ್ಯಕ್ರಮದ ದಿನ ಬಾವುಟ ನೆಡೋಕೆ ನಾನೇ ಹೋಗಿದ್ದೆ. ಉದ್ಘಾಟನೆ ಹತ್ತಕ್ಕೆ. ಯಾಕೆಂದರೆ ಮುಖ್ಯ ಅತಿಥಿಗಳು ಖಾಲಿ ಇದ್ದದ್ದು ಹತ್ತಕ್ಕೆ. ಸಮುದ್ರ ತಾಟಿನಲ್ಲಿಟ್ಟ ನೀರಿನ ಹಾಗೆ. ಇನ್ನೂರು ಬಾವುಟ ಕಂಬಕ್ಕೆ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡಿವೆ. ಹಾಯಿ ಹಿಡಿದ ಹುಡುಗರು ಹಲಗೆ ಮೇಲೆ ನಿಂತು, ಬಿದ್ದು, ನಿಂತು, ಬಿದ್ದು, ಕೊನೆಗೆ ಹಲಗೆ ತಬ್ಬಿಕೊಂಡು ಕೈಯಲ್ಲೇ ಹುಟ್ಟು ಹಾಕುತ್ತ ದಡಕ್ಕೆ ಬಂದರು. ಭಾಷಣ ಆಯಿತು, ಶಾಲು ಆಯಿತು, ಫೋಟೋ ಆಯಿತು. ಒಂದೂವರೆಗೆ ಗಾಳಿ ಬಂತು. ಆಹಾ, ಎಂಥಾ ಗಾಳಿ! ಬಾವುಟ ಪಟಪಟ ಹೊಡೆದುಕೊಳ್ಳುತ್ತಿದ್ದಾಗ ಕೆಳಗೆ ಶಾಮಿಯಾನ ಬಿಚ್ಚುತ್ತಿದ್ದರು. ಮರುವರ್ಷ ಆ ಸ್ಪರ್ಧೆಯ ಸುದ್ದಿಯೇ ಇಲ್ಲ. ಮಜೂರಿ ಅರ್ಧ ಬಂತು. ಉಳಿದರ್ಧದ ಬದಲು ಬಾವುಟ ಎತ್ತಿಕೊಂಡು ಬಂದೆ.

ನನ್ನ ತಕರಾರು ಇಷ್ಟೇ. ಹಾಯಿಯ ಸ್ಪರ್ಧೆ ಅಂದರೆ ಗಾಳಿಗೆ ಕಾಯುವ ಕೆಲಸ. ಲ್ಯಾನ್ಸೆಲಿನ್‌ನವರು ಅದನ್ನು ಒಂದು ಬೆಳಗಿಗೆ ಕಟ್ಟಿಹಾಕಿಲ್ಲ. ಹಲವು ದಿನ ಇಟ್ಟುಕೊಳ್ಳುತ್ತಾರೆ. ಡಾಕ್ಟರು ಬರುವ ತಿಂಗಳು ಗೊತ್ತು, ಹೊತ್ತು ಗೊತ್ತು, ಅಲ್ಲಿವರೆಗೆ ದಡದ ಮೇಲೆ ಕೂತು ಹರಟುತ್ತಾರೆ. ಮುದುಕ ಹೇಳುತ್ತಿದ್ದ: ಮೊದಮೊದಲು ಓಡಿದವರ ಮಕ್ಕಳು ಈಗ ಓಡುತ್ತಾರೆ, ತಾನು ಗೆದ್ದದ್ದು ಯಾವತ್ತೂ ಇಲ್ಲ, ತಪ್ಪಿಸಿದ್ದು ಎರಡೇ ವರ್ಷ. ನಾನು ಕೇಳಿದೆ, ಗೆಲ್ಲದೆ ಅಷ್ಟು ವರ್ಷ ಯಾಕೆ ಹೋಗ್ತೀರಿ? ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನಗೆ ಆಮೇಲೆ ನಾಚಿಕೆಯಾಯಿತು. ಬನಶಂಕರಿ ಜಾತ್ರೆಗೆ ಪ್ರತಿ ವರ್ಷ ಯಾಕೆ ಹೋಗ್ತೀಯೋ ಅಂತ ನನ್ನನ್ನು ಯಾರಾದರೂ ಕೇಳಿದರೆ ಏನು ಹೇಳಲಿ?

ಅದು ಜಾತ್ರೆ ಕಣ್ರೀ! ನಮ್ಮದೂ ಜನವರಿಯ ಆಸುಪಾಸೇ. ಬನದ ಹುಣ್ಣಿಮೆಗೆ ತೇರು, ಹಿಂದಿನ ದಿನ ಪಲ್ಯದ ಹಬ್ಬ, ಆಮೇಲೆ ವಾರಗಟ್ಟಲೆ ನಾಟಕ ಕಂಪನಿಗಳು. ಚಂದ್ರನನ್ನು ನೋಡಿ ದಿನ ಗೊತ್ತುಮಾಡುತ್ತಾರೆ, ಯಾರ ಡೈರಿಯನ್ನೂ ನೋಡಲ್ಲ. ಇಲ್ಲಿಯವರಿಗೂ ಇದು ಗೊತ್ತಿಲ್ಲ ಅಂತಲ್ಲ. ವಾಸ್ಕೋದ ದಾಮೋದರ ದೇವರ ಸಪ್ತಾಹ ನೂರು ವರ್ಷ ದಾಟಿದೆ. ಇಲ್ಲಿಯ ಕ್ರೈಸ್ತರ ಸಾಂವ್ ಜುವಾಂವ್ ಹಬ್ಬಕ್ಕೆ ಜೂನ್ 24ರಂದು ಬಾವಿಗೆ ಹಾರಬೇಕೆಂದು ಯಾರೂ ಸುತ್ತೋಲೆ ಹೊರಡಿಸುವುದಿಲ್ಲ. ಅದೇ ಜನ ಸಮುದ್ರದ ಆಟಕ್ಕೆ ಬಂದರೆ ಟೆಂಡರ್ ಕರೀತಾರೆ.

ಕೈಟ್‌ನವರಿಗೂ ವಿಂಡ್‌ಸರ್ಫಿನವರಿಗೂ ಆಗಿಬರಲ್ಲ ಅನ್ನೋದು ಇನ್ನೊಂದು ಕಥೆ. ಫ್ರಾನ್ಸಿನ ಲೆಗೆನ್ಯೂ ಅಣ್ಣತಮ್ಮಂದಿರು ಗಾಳಿ ತುಂಬುವ ಕೊಳವೆಯ ಕೈಟ್‌ಗೆ 1984ರಲ್ಲೇ ಪೇಟೆಂಟಿಗೆ ಹಾಕಿದ್ದರು. ನೀರಿಗೆ ಬಿದ್ದರೂ ತೇಲುತ್ತದೆ, ಮತ್ತೆ ಏಳುತ್ತದೆ. ವರ್ಷಗಟ್ಟಲೆ ಯಾರೂ ಕೇಳಲಿಲ್ಲ. 1998ರಲ್ಲಿ ಹವಾಯಿಯ ಮಾವಿಯಲ್ಲಿ ಮೊದಲ ಸ್ಪರ್ಧೆ ಆಯಿತು, ಆಮೇಲೆ ಆಟ ಕಾಡ್ಗಿಚ್ಚಿನ ಹಾಗೆ ಹಬ್ಬಿತು. 2012ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಹಾಯಿ ಒಕ್ಕೂಟದವರು ಒಲಿಂಪಿಕ್ಸ್‌ನಿಂದ ವಿಂಡ್‌ಸರ್ಫಿಂಗ್ ತೆಗೆದು ಕೈಟ್ ಹಾಕಿದರು. ಗಲಾಟೆಯೋ ಗಲಾಟೆ. ನವೆಂಬರ್‌ನಲ್ಲಿ ತಾವೇ ತಿರುಗಿ ವಿಂಡ್‌ಸರ್ಫಿಂಗ್ ಒಳಗೆ ತಂದರು. 2024ರ ಒಲಿಂಪಿಕ್ಸ್‌ಗೆ ಫ್ರಾನ್ಸಿನ ಮಾರ್ಸೇಯ ಸಮುದ್ರದಲ್ಲಿ ಎರಡೂ ಇದ್ದವು. ನಾಟಕ ಕಂಪನಿಯವರು ಟೂರಿಂಗ್ ಟಾಕೀಸನ್ನು ಬೈದ ಹಾಗೆ ಇದೂ. ಜಾತ್ರೆಗೆ ಎರಡೂ ಬೇಕು. ಮುದುಕನ ಹತ್ತಿರ ಎರಡೂ ಇದ್ದವು, ಎರಡನ್ನೂ ನಾನೇ ಹೊಲಿದಿದ್ದೇನೆ.

"ಅದೆಲ್ಲ ಬಿಳಿಯರ ಆಟ ಬಿಡೋ" ಅಂತ ನಮ್ಮವರೇ ಹೇಳ್ತಾರೆ. 1982ರ ದೆಹಲಿ ಏಷ್ಯನ್ ಗೇಮ್ಸ್‌ನ ಹಾಯಿ ಸ್ಪರ್ಧೆ ಮುಂಬಯಿ ಸಮುದ್ರದಲ್ಲಿ ಆದಾಗ ಫೈರ್‌ಬಾಲ್ ದೋಣಿಯಲ್ಲಿ ಚಿನ್ನ ಗೆದ್ದವರು ಫಾರೂಖ್ ತಾರಾಪೋರ್, ಜರೀರ್ ಕರಂಜಿಯಾ. 2018ರ ಏಷ್ಯನ್ ಗೇಮ್ಸ್‌ಗೆ ವಿಂಡ್‌ಸರ್ಫಿಂಗ್ ಮಾಡಲು ಹೋದ ಕತ್ಯಾ ಮತ್ತು ಡೇನ್ ಕೊಯೆಲ್ಹೊ ಇದೇ ಗೋವಾದ ಒಡಹುಟ್ಟಿದವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಈಬಾದ್ ಅಲಿ ವಿಂಡ್‌ಸರ್ಫಿಂಗ್‌ನಲ್ಲಿ ಕಂಚು ತಂದ. ಅವನು ಸಮುದ್ರವೇ ಇಲ್ಲದ ಮಧ್ಯಪ್ರದೇಶದವನು! ನಮ್ಮ ಮುಲ್ಕಿ, ಸಸಿಹಿತ್ಲು ಕಡೆಯ ಹುಡುಗರು ಅಲೆಯ ಮೇಲೆ ಸರ್ಫಿಂಗ್ ಮಾಡೋದನ್ನು ನೋಡಿ. ಇಲ್ಲಿ ದಂಡೆಯ ಮೇಲೆ ಮಣಿಸರ ಮಾರುವ ನಮ್ಮ ಲಂಬಾಣಿ ಹೆಂಗಸರ ಮಕ್ಕಳು ಕೈಟ್ ಏಳುವ ಮೊದಲೇ ಬೆರಳು ಎತ್ತಿ ಗಾಳಿಯ ದಿಕ್ಕು ಹೇಳ್ತಾರೆ. ಅವರನ್ನು ಹಲಗೆ ಮೇಲೆ ನಿಲ್ಲಿಸಿದವರು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಫ್ರಾನ್ಸಿನ ಗ್ರುಯಿಸಾನ್‌ನಲ್ಲಿ 2001ರಿಂದ ನಡೆಯುವ ಡೆಫಿ ವಿಂಡ್ ಅನ್ನುವ ವಿಂಡ್‌ಸರ್ಫಿಂಗ್ ಓಟದಲ್ಲಿ ವಿಶ್ವ ಚಾಂಪಿಯನ್ನೂ, ವಾರಕ್ಕೊಮ್ಮೆ ಹಾಯಿ ಹಿಡಿಯುವ ಗುಮಾಸ್ತನೂ ಒಂದೇ ಸಾಲಿನಿಂದ ಹೊರಡುತ್ತಾರಂತೆ, ಸಾವಿರಕ್ಕೂ ಮೇಲೆ ಜನ. ಮುದುಕ ತೋರಿಸಿದ ವಿಡಿಯೋದಲ್ಲಿ ಬಿಳಿ ಚಿಟ್ಟೆಗಳ ಹಿಂಡು ಎದ್ದ ಹಾಗೆ ಕಾಣುತ್ತಿತ್ತು.

ಇಲ್ಲಿ ಇಂಥ ಜಾತ್ರೆ ಆದರೆ ಆಮೆಗಳ ಗತಿಯೇನು ಅನ್ನುವವರಿಗೆ ಮಾತ್ರ ನಾನು ತಲೆಬಾಗುತ್ತೇನೆ. ಮೊರ್ಜಿಮ್‌ನ ತೆಂಬವಾಡಾದಲ್ಲಿ ಚಳಿಗಾಲಕ್ಕೆ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡೋಕೆ ಬರ್ತದೆ, ಗಾಳಿಯ ಕಾಲ ಅದೇ. ಅಲ್ಲಿ ಜನ ತುಂಬಿಸಿ ರಾತ್ರಿ ಲೈಟು ಹಾಕಿ ಧ್ವನಿವರ್ಧಕ ಕಟ್ಟುವುದಾದರೆ ಜಾತ್ರೆ ಬೇಡವೇ ಬೇಡ. ಆದರೆ ಗಾಳಿ ಸಂಜೆಗೇ ನಿಲ್ಲುತ್ತದೆ, ರಾತ್ರಿ ಲೈಟು ಯಾರಿಗೆ ಬೇಕು? ಜಾಗವೂ ಅದೇ ಆಗಬೇಕಿಲ್ಲ, ಗೋವಾದ ದಂಡೆ ಉದ್ದವಿದೆ.

ಮುದುಕ ಎರಡು ವರ್ಷದಿಂದ ಬಂದಿಲ್ಲ. ಹೋದ ಸಲ ಮೊಣಕಾಲು ನೋವು ಅಂದಿದ್ದ. ಅವನ ಒಂದು ಕೈಟ್ ನನ್ನ ಹತ್ತಿರವೇ ಉಳಿದಿದೆ. ಮೂಲೆಯಲ್ಲಿ ಹರಿದಿದ್ದ ಜಾಗಕ್ಕೆ ಬಾವುಟದ ನೀಲಿ ಬಟ್ಟೆಯ ತೇಪೆ ಹಚ್ಚಿದ್ದೆ. ಬಾವುಟದ ಬಟ್ಟೆ ಅಲ್ಲಿ ತಾಳಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಇರಲಿ ಬಿಡು ಅಂದಿದ್ದ.

ಬನದ ಹುಣ್ಣಿಮೆಗೆ ನಾನು ಊರಿಗೆ ಹೊರಟಿದ್ದೇನೆ. ಅಂಗಡಿ ಐದು ದಿನ ಬಂದ್. ಕೈಟ್, ಹಾಯಿ ಹರಿದವರು ಅದಕ್ಕೆ ಮೊದಲೇ ತಂದುಕೊಡಿ, ಉಪ್ಪುನೀರು ತೊಳೆದು ಒಣಗಿಸಿ ತನ್ನಿ. ನೀಲಿ ಬಾವುಟ ಯಾರಿಗಾದರೂ ಬೇಕಿದ್ದರೆ ಇನ್ಬಾಕ್ಸಿಗೆ ಬನ್ನಿ, ಹೊಲಿಗೆ ಚೆನ್ನಾಗಿದೆ.